ಅಗ್ಗದ ಮೈಕು, ತೆಂಕಿನ ಚೆಂಡೆ

2020ರ ಅಕ್ಟೋಬರ್ ತಿಂಗಳಲ್ಲಿ ಜಪಾನಿನ ನೊಬೆಯೋಕ ಎಂಬಲ್ಲಿ ಅಸಾಹಿ ಕಸೇಯಿ ಸಂಸ್ಥೆಯ ಚಿಪ್ ಕಾರ್ಖಾನೆಯೊಂದು ಬೆಂಕಿಗೆ ತುತ್ತಾಯಿತು. ಬೆಂಕಿ ಪೂರ್ತಿ ಆರಲು ದಿನಗಳೇ ಹಿಡಿದವು. ಮೈಕಿನಿಂದ ಬರುವ ವಿದ್ಯುತ್ ಸಂಕೇತವನ್ನು ಅಂಕೆಗಳಾಗಿಯೂ, ಆ ಅಂಕೆಗಳನ್ನು ಮರಳಿ ಧ್ವನಿಯಾಗಿಯೂ ಮಾರ್ಪಡಿಸುವ ಪುಟ್ಟ ಚಿಪ್ಪುಗಳು ಅಲ್ಲಿ ತಯಾರಾಗುತ್ತಿದ್ದವು. ಮುಂದಿನ ತಿಂಗಳುಗಳಲ್ಲಿ ಲಕ್ಷಗಟ್ಟಲೆ ಬೆಲೆಯ ಸ್ಟುಡಿಯೊ ಸಲಕರಣೆಗಳನ್ನು ಮಾಡುವವರೂ ಕಡಿಮೆ ಬೆಲೆಯ ಸಣ್ಣ ಪೆಟ್ಟಿಗೆಗಳನ್ನು ಮಾಡುವವರೂ ಒಟ್ಟಿಗೇ ಪೇಚಿಗೆ ಸಿಲುಕಿದರು. ಕೆಲವರು ತಮ್ಮ ಯಂತ್ರಗಳ ಒಳವಿನ್ಯಾಸವನ್ನೇ ಬದಲಿಸಿ ಬೇರೆ ಕಂಪೆನಿಯ ಚಿಪ್ಪುಗಳನ್ನು ಕೂರಿಸಬೇಕಾಯಿತು. ಬೆಲೆಯಲ್ಲಿ ಹತ್ತಾರು ಪಟ್ಟು ಅಂತರವಿರುವ ಯಂತ್ರಗಳ ಒಳಗೆ ಒಂದೇ ಕಾರ್ಖಾನೆಯ ಸರಕು ಇತ್ತೆಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಗಳಲ್ಲಿ ತಾಳಮದ್ದಳೆಗಳನ್ನೂ (ವೇಷವಿಲ್ಲದೆ, ಕುಳಿತು ಹಾಡು ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನ) ಹಿರಿಯ ಹೆಂಗಸರ ಹಾಡುಗಳನ್ನೂ ದಾಖಲಿಸಿಕೊಳ್ಳುತ್ತ ಬಂದಿರುವ ನನ್ನಂಥವನಿಗೆ ಈ ಸಂಗತಿಯಲ್ಲಿ ಆಸಕ್ತಿ ಹುಟ್ಟುವುದು ಸಹಜ. ನಮಗೆ ದೊರೆಯುವ ಜಾಗವೆಂದರೆ ದೇವಸ್ಥಾನದ ಸಭಾಭವನ, ಶಾಲೆಯ ಜಗಲಿ, ಇಲ್ಲವೇ ಹಂಚಿನ ಮನೆಯ ಚಾವಡಿ. ಖರ್ಚಾಗುವ ಹಣವೂ ನಮ್ಮ ಕಿಸೆಯದ್ದೇ. ಯಾವ ಅಗ್ಗದ ಸಲಕರಣೆ ತನ್ನ ಬೆಲೆಯನ್ನು ಮೀರಿ ಕೆಲಸ ಮಾಡುತ್ತದೆ, ಯಾವುದು ಬೆಲೆಗೆ ತಕ್ಕಷ್ಟನ್ನೂ ಮಾಡುವುದಿಲ್ಲ ಎಂಬುದನ್ನು ಹೀಗೆ ಬಳಸಿ ನೋಡಿಯೇ ತಿಳಿಯಬೇಕಾಗುತ್ತದೆ. ಹಾಗೆ ತಿಳಿದುಕೊಂಡದ್ದರಲ್ಲಿ ಒಂದು ಮಾತು ಮಾತ್ರ ಎಲ್ಲ ಕಡೆಯೂ ನಿಜವೆಂದು ನನಗೆ ಕಂಡಿದೆ: ಚಿಪ್ಪಿನಿಂದ ಆಗುವ ಕೆಲಸವೆಲ್ಲ ಅಗ್ಗವಾಗಿದೆ, ಲೋಹದಿಂದಲೂ ನುರಿತ ಕೈಗಳಿಂದಲೂ ಆಗಬೇಕಾದ ಕೆಲಸ ಅಗ್ಗವಾಗಿಲ್ಲ. ಕಡಿಮೆ ಹಣವುಳ್ಳವನು ಆ ಹಣವನ್ನು ಎಲ್ಲಿ ಬಿಗಿಹಿಡಿಯಬೇಕು, ಎಲ್ಲಿ ಕೈಬಿಚ್ಚಿ ಸುರಿಯಬೇಕು ಎಂಬುದನ್ನು ಈ ವ್ಯತ್ಯಾಸವೇ ತೀರ್ಮಾನಿಸುತ್ತದೆ.

ಮೊದಲು ಚಿಪ್ಪಿನ ಪಾಲನ್ನು ನೋಡೋಣ. ಮೈಕಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಪ್ರೀಆಂಪ್ ಮತ್ತು ಅದನ್ನು ಅಂಕೆಗಳಾಗಿ ಮಾಡುವ ಕನ್ವರ್ಟರ್ ಎರಡನ್ನೂ ಒಳಗೊಂಡು ಕಂಪ್ಯೂಟರಿಗೆ ಯುಎಸ್‌ಬಿ ತಂತಿಯಿಂದ ಸೇರಿಕೊಳ್ಳುವ ಪೆಟ್ಟಿಗೆಯನ್ನು ಆಡಿಯೊ ಇಂಟರ್‌ಫೇಸ್ ಎನ್ನುತ್ತಾರೆ. ಫೋಕಸ್‌ರೈಟ್ ಕಂಪೆನಿಯ ಸ್ಕಾರ್ಲೆಟ್ ಸಾಲು 2011ರಲ್ಲಿ ಬಂದಿತು. ಬೆಹ್ರಿಂಗರ್ ಕಂಪೆನಿಯ ಯುಎಂಸಿ ಸಾಲು ಅದಕ್ಕಿಂತಲೂ ಕಡಿಮೆ ಬೆಲೆಗೆ ಸಿಗುತ್ತದೆ. ಇವುಗಳ ಗುಣವನ್ನು ಅಳೆಯಲು ಭೌತಶಾಸ್ತ್ರವೇ ಒಂದು ಗೆರೆಯನ್ನು ಹಾಕಿಕೊಟ್ಟಿದೆ. 150 ಓಮ್ ರೋಧವುಳ್ಳ ಒಂದು ಮೂಲದಲ್ಲಿ, ಕೋಣೆಯ ಸಾಮಾನ್ಯ ಉಷ್ಣತೆಯಿಂದ ಎಲೆಕ್ಟ್ರಾನುಗಳು ಅಲುಗಾಡುವುದರಿಂದಲೇ ಹುಟ್ಟುವ ಸದ್ದು ಸುಮಾರು ಮೈನಸ್ 131 ಡಿಬಿಯು ಆಗುತ್ತದೆ (ಡಿಬಿಯು ಎಂದರೆ ಸಂಕೇತದ ವೋಲ್ಟೇಜನ್ನು ಡೆಸಿಬೆಲ್ ಲೆಕ್ಕದಲ್ಲಿ ಹೇಳುವ ಅಳತೆ; ಮೈನಸ್ ಹೆಚ್ಚಿದಷ್ಟೂ ಸದ್ದು ಕಡಿಮೆ). ಎಷ್ಟೇ ಹಣ ಸುರಿದರೂ ಯಾವ ಪ್ರೀಆಂಪ್ ಕೂಡ ಈ ಗೆರೆಯ ಕೆಳಗೆ ಇಳಿಯಲಾರದು. ಸ್ಕಾರ್ಲೆಟ್ ಸಾಲಿನ ಪೆಟ್ಟಿಗೆಗಳು ಮೈನಸ್ 128ರ ಹತ್ತಿರದ ಅಂಕಿಯನ್ನು ಹೇಳಿಕೊಳ್ಳುತ್ತವೆ. ಅಳತೆಯ ಕ್ರಮದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದೆಯೆಂದು ಒಪ್ಪಿಕೊಂಡರೂ, ಅತಿ ದುಬಾರಿ ಪ್ರೀಆಂಪಿಗೆ ಇನ್ನು ಗೆಲ್ಲಲು ಉಳಿದಿರುವ ಅಂತರ ನಾಲ್ಕಾರು ಡೆಸಿಬೆಲ್ ಮಾತ್ರ.

ಮೈಕುಗಳ ಕಥೆಯೂ ಒಂದು ಮಟ್ಟಿಗೆ ಹೀಗೆಯೇ. ಸ್ಟುಡಿಯೊಗಳ ಆರಾಧ್ಯವಾದ ನಾಯ್ಮನ್ ಯು 87 ಮೈಕು 1967ರಿಂದ ಇದೆ. ಅದರ ಈಗಿನ ರೂಪದಲ್ಲಿ ಮೈಕಿನ ಸ್ವಂತ ಸದ್ದು, ಎಂದರೆ ಮೈಕು ತಾನೇ ಎಬ್ಬಿಸುವ ಸದ್ದು, 12 ಡೆಸಿಬೆಲ್ ಎಂದು ಕಂಪೆನಿಯೇ ಹೇಳುತ್ತದೆ. ಆಸ್ಟ್ರೇಲಿಯದ ರೋಡ್ ಕಂಪೆನಿಯ ಎನ್‌ಟಿ1-ಎ ಮೈಕಿನಲ್ಲಿ ಅದು 5 ಡೆಸಿಬೆಲ್, ಬೆಲೆಯಾದರೋ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಇಷ್ಟು ಹೇಳಿದ ಮಾತ್ರಕ್ಕೆ ಎರಡನೆಯದು ಮೊದಲನೆಯದಕ್ಕಿಂತ ಉತ್ತಮವೆಂದು ತೀರ್ಮಾನಿಸುವುದು ಅವಸರವಾದೀತು. ಪಕ್ಕದಿಂದ ಬರುವ ಧ್ವನಿಯನ್ನು ಮೈಕು ಹೇಗೆ ಹಿಡಿಯುತ್ತದೆ, ಏರುಸ್ವರದಲ್ಲಿ ಹೇಗೆ ವರ್ತಿಸುತ್ತದೆ ಎಂಬುದೆಲ್ಲ ಈ ಒಂದು ಅಂಕಿಯಲ್ಲಿ ಇರುವುದಿಲ್ಲ. ಆದರೆ ಸದ್ದು ಕಡಿಮೆ ಇರಬೇಕೆಂಬ ಒಂದೇ ಕಾರಣಕ್ಕೆ ದುಬಾರಿ ಮೈಕು ಕೊಳ್ಳಬೇಕಾದ ಕಾಲ ಮುಗಿದಿದೆ. ಅದರ ಮೇಲೆ, ನಮ್ಮ ಊರಿನ ರಾತ್ರಿಯ ಜೀರುಂಡೆ, ಕಪ್ಪೆ, ಪಕ್ಕದ ಮನೆಯ ಪಂಪು ಇವೆಲ್ಲವೂ ಸೇರಿ ಎಬ್ಬಿಸುವ ಗದ್ದಲದ ಮುಂದೆ 5 ಮತ್ತು 12ರ ವ್ಯತ್ಯಾಸ ಯಾರ ಕಿವಿಗೂ ಬೀಳುವುದಿಲ್ಲ.

ಅಗ್ಗದ ವಸ್ತು ತನ್ನ ಅಂತಸ್ತನ್ನು ಮೀರಿ ಹೆಸರು ಮಾಡಿದ ಉದಾಹರಣೆಗಳು ಹಿಂದೆಯೂ ಇದ್ದವು. ಯಮಾಹಾ ಎನ್‌ಎಸ್-10 ಸ್ಪೀಕರುಗಳು 1978ರಲ್ಲಿ ಮನೆಯಲ್ಲಿ ಹಾಡು ಕೇಳುವವರಿಗಾಗಿ ಬಂದವು, ಅಲ್ಲಿ ಅಷ್ಟೇನೂ ಮೆಚ್ಚುಗೆ ಪಡೆಯದೆ, ಮುಂದೆ ಜಗತ್ತಿನ ಸ್ಟುಡಿಯೊಗಳ ಮಿಕ್ಸರುಗಳ ಮೇಲೆಲ್ಲ ಬಿಳಿಯ ಕೋನು ತೋರಿಸುತ್ತ ಕುಳಿತವು. ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ತನ್ನ ವಾದ್ಯವೃಂದಕ್ಕೆ ಕೇಳಿಸುವುದಕ್ಕೆಂದು ಮನೆಯಲ್ಲಿ ಕುಳಿತು, ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್ ದಾಖಲಿಸುವ ಟಿಯಾಕ್ ಪೋರ್ಟಾಸ್ಟುಡಿಯೊ ಯಂತ್ರದಲ್ಲಿ ಎರಡು ಸಾಧಾರಣ ಮೈಕುಗಳಿಂದ ಹಾಡಿಕೊಂಡದ್ದೇ ಕೊನೆಗೆ ‘ನೆಬ್ರಾಸ್ಕ’ ಎಂಬ ಆಲ್ಬಮ್ ಆಗಿ ಹೊರಬಂದಿತು. ನಮ್ಮವರದ್ದೇ ಒಂದು ಉದಾಹರಣೆ ಬೇಕಿದ್ದರೆ ಎಲೆಕ್ಟ್ರಾನಿಕ್ ತಂಬೂರಿಯಿದೆ. ಬೆಂಗಳೂರಿನ ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಅದನ್ನು ರೂಪಿಸಿದರು. ಹಾರ್ಮೋನಿಯಂ ಒತ್ತುವವರಿಗೆ ಕಾಯುತ್ತಿದ್ದ ಯಕ್ಷಗಾನದ ಹಿಮ್ಮೇಳದಲ್ಲಿ ಈಗ ಶ್ರುತಿಪೆಟ್ಟಿಗೆಯೆಂದರೆ ಬಹುಪಾಲು ಎಲೆಕ್ಟ್ರಾನಿಕ್ ಪೆಟ್ಟಿಗೆಯೇ, ಅದೂ ಇಲ್ಲದಿದ್ದರೆ ಪದ್ಯ ಹಾಡುವ ಭಾಗವತರ ಫೋನಿನಲ್ಲಿರುವ ಆ್ಯಪ್.

ಇನ್ನು ನಮ್ಮ ನಿಜವಾದ ಸಮಸ್ಯೆಗೆ ಬರುತ್ತೇನೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಧ್ವನಿ ಹಿಡಿಯಲು ಹೊರಟವನಿಗೆ ಎದುರಾಗುವ ಮೊದಲ ಪರೀಕ್ಷೆ ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಹಿಮ್ಮೇಳ. ಭಾಗವತರ ಕೈಯಲ್ಲಿ ಜಾಗಟೆ, ಪಕ್ಕದಲ್ಲಿ ಮದ್ದಳೆ, ವೀರರಸ ಬಂತೆಂದರೆ ಚೆಂಡೆ, ಜೊತೆಗೆ ಚಕ್ರತಾಳ; ಇವೆಲ್ಲವುಗಳ ಮೇಲೆ ಬಲಿಪ ಭಾಗವತರ ಪರಂಪರೆಯ ಏರುಶ್ರುತಿಯ ಕಂಠ. ಇದಾದ ಕ್ಷಣದಲ್ಲೇ ಪಾತ್ರದ ಮಾತನ್ನಾಡುವ ಅರ್ಥಧಾರಿ ತಗ್ಗಿದ ಸ್ವರದಲ್ಲಿ ಪೀಠಿಕೆ ಆರಂಭಿಸುತ್ತಾರೆ. ಅತಿ ಜೋರಿನಿಂದ ಅತಿ ಮೆದುವಿಗೆ ಇಷ್ಟು ಬೇಗ ಇಳಿಯುವ ಕಲಾಪ್ರಕಾರ ಅಪರೂಪ. ಫೋನಿನಲ್ಲಿ ದಾಖಲಿಸಿದವರೆಲ್ಲರೂ ಇದರ ಪರಿಣಾಮವನ್ನು ಕೇಳಿರುತ್ತಾರೆ. ಫೋನಿನೊಳಗೆ ಮಟ್ಟವನ್ನು ತಾನಾಗಿಯೇ ಏರಿಳಿಸುವ ಒಂದು ವ್ಯವಸ್ಥೆ ಇರುತ್ತದೆ. ಚೆಂಡೆಯ ಪೆಟ್ಟು ಬಿದ್ದೊಡನೆ ಅದು ಎಲ್ಲವನ್ನೂ ತಗ್ಗಿಸುತ್ತದೆ, ಭಾಗವತರು ಎಲ್ಲೋ ಗುಡ್ಡದಾಚೆ ಹಾಡುತ್ತಿರುವಂತೆ ಕೇಳಿಸುತ್ತದೆ, ಚೆಂಡೆ ನಿಂತ ಕೂಡಲೇ ಮಟ್ಟ ಮೇಲೇರಿ ಅರ್ಥಧಾರಿಯ ಉಸಿರಿಗಿಂತ ಫ್ಯಾನಿನ ಸದ್ದೇ ದೊಡ್ಡದಾಗುತ್ತದೆ. ಫೋನಿನ ಮೈಕು ಕೆಟ್ಟದ್ದೆಂದು ಇದಕ್ಕಾಗಿ ದೂರುವವರಿದ್ದಾರೆ. ಮೈಕಿನಲ್ಲಿ ದೋಷವಿಲ್ಲ. ಮಟ್ಟವನ್ನು ಕೈಯಿಂದ ನಿಲ್ಲಿಸಿಡಲು ಬಿಡುವ ರೆಕಾರ್ಡಿಂಗ್ ಆ್ಯಪ್ ಹಾಕಿಕೊಂಡು, ಚೆಂಡೆಯ ಪೆಟ್ಟಿಗೆ ಸರಿಯಾಗಿ ಮಟ್ಟವನ್ನು ಕಟ್ಟಿ, ಫೋನನ್ನು ಫ್ಯಾನಿನ ಗಾಳಿಯಿಂದ ದೂರವಿಟ್ಟರೆ ಅದೇ ಫೋನು ಎಷ್ಟೋ ಮರ್ಯಾದೆಯಿಂದ ವರ್ತಿಸುತ್ತದೆ.

ಫೋನಿನಿಂದ ಮುಂದಕ್ಕೆ ಹೋಗುವವರು ಸಾಮಾನ್ಯವಾಗಿ ಮೊದಲು ಕೊಳ್ಳಲು ಬಯಸುವುದು ದೊಡ್ಡ ತಲೆಯ ಕಂಡೆನ್ಸರ್ ಮೈಕನ್ನು (ವಿದ್ಯುದಾವೇಶ ಹೊತ್ತ ತೆಳು ಪೊರೆಯಿಂದ ಧ್ವನಿ ಹಿಡಿಯುವಂಥದ್ದು), ಏಕೆಂದರೆ ಹಾಡುಗಾರರ ಚಿತ್ರಗಳಲ್ಲೆಲ್ಲ ಕಾಣುವುದು ಅದೇ. ಇಲ್ಲಿ ನನ್ನ ಅಭಿಪ್ರಾಯ ಬೇರೆ. ಅಗ್ಗದ ಕಂಡೆನ್ಸರ್ ಮೈಕುಗಳಲ್ಲಿ ಹಲವು ನಾಯ್ಮನ್ ಕಂಪೆನಿಯ ಕೆ67 ಎಂಬ ಹಳೆಯ ಕ್ಯಾಪ್ಸೂಲಿನ (ಮೈಕಿನೊಳಗೆ ಧ್ವನಿ ಹಿಡಿಯುವ ಭಾಗ) ಮಾದರಿಯನ್ನು ಅನುಕರಿಸುತ್ತವೆ. ಆ ಕ್ಯಾಪ್ಸೂಲು ಏರುಸ್ವರವನ್ನು ಸಹಜಕ್ಕಿಂತ ಹೆಚ್ಚಿಸಿ ಹಿಡಿಯುತ್ತದೆ; ಮೂಲ ಮೈಕಿನಲ್ಲಿ ಅದರ ಹಿಂದಿನ ಸರ್ಕ್ಯೂಟು ಆ ಹೆಚ್ಚುವರಿಯನ್ನು ಮತ್ತೆ ಇಳಿಸಿ ಸಮ ಮಾಡುತ್ತಿತ್ತು. ಅನುಕರಿಸಿದ ಅನೇಕರು ಕ್ಯಾಪ್ಸೂಲನ್ನು ತೆಗೆದುಕೊಂಡು ಸರ್ಕ್ಯೂಟಿನ ಆ ಭಾಗವನ್ನು ಬಿಟ್ಟರು. ಅದರಿಂದಾಗಿ ‘ಸ’, ‘ಶ’ಗಳು ಸೀಳಿದಂತೆ ಕೇಳಿಸುತ್ತವೆ. ಮೆದು ಧ್ವನಿಯ ಭಾವಗೀತೆಗೆ ಅದು ಹೊಳಪಾಗಿ ತೋರೀತು. ಜಾಗಟೆ, ಚಕ್ರತಾಳಗಳ ಮುಂದೆ ಅದೇ ಹೊಳಪು ಕಿವಿಗೆ ಚುಚ್ಚುತ್ತದೆ.

ಇದಕ್ಕೆ ಎದುರಾಗಿ, ಡೈನಮಿಕ್ ಮೈಕು ಎಂಬ ಹಳೆಯ ಸರಳ ವಸ್ತುವಿದೆ. ತೆಳುವಾದ ಪೊರೆ, ಅದಕ್ಕೆ ಅಂಟಿದ ತಂತಿಯ ಸುರುಳಿ, ಸುತ್ತ ಒಂದು ಅಯಸ್ಕಾಂತ, ಇಷ್ಟೇ. ಶೂರ್ ಕಂಪೆನಿಯ ಎಸ್‌ಎಂ57 1965ರಲ್ಲಿ, ಎಸ್‌ಎಂ58 1966ರಲ್ಲಿ ಬಂದವು, ಇಂದಿಗೂ ಮಾರಾಟದಲ್ಲಿವೆ. ಎಸ್‌ಎಂ58 ಹಿಡಿಯುವ ಧ್ವನಿಯ ವ್ಯಾಪ್ತಿ 50ರಿಂದ 15,000 ಹರ್ಟ್ಸ್ ಎಂದು ಕಂಪೆನಿಯೇ ಹೇಳುತ್ತದೆ. ಕಾಗದದ ಮೇಲೆ 20ರಿಂದ 20,000 ಎಂದು ಬರೆದುಕೊಂಡಿರುವ ಎಷ್ಟೋ ಅಗ್ಗದ ಮೈಕುಗಳಿಗಿಂತ ಇದು ಕಡಿಮೆ. ಆದರೆ ಸುರುಳಿಯ ಭಾರ ಹೊತ್ತ ಪೊರೆಗೆ ತಾಳದ ಚೂಪಾದ ಏಟನ್ನು ಅದೇ ವೇಗದಲ್ಲಿ ಹಿಂಬಾಲಿಸಲಾಗದೆ ಇರುವುದೇ ನಮ್ಮ ಹಿಮ್ಮೇಳಕ್ಕೆ ಉಪಕಾರವಾಗುತ್ತದೆ. ಚೆಂಡೆಯ ಎಷ್ಟು ಹತ್ತಿರ ಇಟ್ಟರೂ ಇವುಗಳ ಧ್ವನಿ ಸುಲಭಕ್ಕೆ ಬಿರಿಯುವುದಿಲ್ಲ, ಕಂಡೆನ್ಸರ್ ಮೈಕಿಗೆ ತಂತಿಯ ಮೂಲಕ ಕೊಡುವ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ತನ್ನೂ ಇವು ಕೇಳುವುದಿಲ್ಲ. ಶೂರ್ ಮೈಕಿನ ಬೆಲೆ ಹೆಚ್ಚೆನಿಸಿದವರಿಗೆ ಬೆಹ್ರಿಂಗರ್‌ನ ಎಕ್ಸ್‌ಎಂ8500 ಅದರ ಒಂದು ಸಣ್ಣ ಪಾಲಿಗೆ ಸಿಗುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಭಾಗವತರ ಕಂಠದಲ್ಲಿ ವ್ಯತ್ಯಾಸ ಗುರುತಿಸುವುದು ಕಷ್ಟ. ಹಾಗೆಂದು ಪೇಟೆಯಲ್ಲಿ ಅರ್ಧ ಬೆಲೆಗೆ ಸಿಗುವ ‘ಎಸ್‌ಎಂ58’ ಎಂಬುದನ್ನು ಯಾರೂ ಕೊಳ್ಳಬಾರದು. ಜಗತ್ತಿನಲ್ಲಿ ಅತಿ ಹೆಚ್ಚು ನಕಲಿಗೊಳಗಾದ ಮೈಕುಗಳಲ್ಲಿ ಅದೂ ಒಂದು. ಹೆಸರು ಕದ್ದ ಅಗ್ಗದ ಮೈಕಿಗಿಂತ ತನ್ನ ಹೆಸರಿನಲ್ಲೇ ಬರುವ ಅಗ್ಗದ ಮೈಕು ಯಾವಾಗಲೂ ಮೇಲು.

ಡೈನಮಿಕ್ ಮೈಕಿನ ಪರವಾಗಿ ಇನ್ನೊಂದು ವಾದವನ್ನು ನಮ್ಮ ಮಳೆಗಾಲವೇ ಮಂಡಿಸುತ್ತದೆ. ಕಂಡೆನ್ಸರ್ ಮೈಕಿನ ಪೊರೆಯ ಮೇಲಿನ ವಿದ್ಯುದಾವೇಶ ಸೋರಿಹೋಗದಂತೆ ಅದರ ಸುತ್ತಲಿನ ಅವಾಹಕಗಳು ಒಣಗಿರಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ, ಆಷಾಢದಲ್ಲಿ ಪೆಟ್ಟಿಗೆಯೊಳಗಿನ ಪಂಚೆಗೂ ಬೂಸಲು ಹಿಡಿಯುವ ಈ ಜಿಲ್ಲೆಯಲ್ಲಿ ಅದು ಸುಲಭವಲ್ಲ. ತೇವ ತಾಗಿದ ಮೈಕು ಚಟಪಟ ಸದ್ದು ಮಾಡಲಾರಂಭಿಸುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟುಕೊಳ್ಳುವವರಿಗೆ ಕಂಡೆನ್ಸರ್ ಮೈಕು ಚೆನ್ನಾಗಿಯೇ ನಡೆಯುತ್ತದೆ. ಇಷ್ಟು ತಾಳ್ಮೆ ಇಲ್ಲದವರಿಗೆ ಡೈನಮಿಕ್ ಸಾಕು.

ಇನ್ನು ಕೈಯಲ್ಲಿ ಹಿಡಿಯುವ ರೆಕಾರ್ಡರುಗಳು. ಝೂಮ್ ಕಂಪೆನಿಯ ಎಚ್1 2010ರಲ್ಲಿ ಬಂದಿತು, ಆಮೇಲೆ ಎಚ್1ಎನ್. ಟ್ಯಾಸ್ಕಾಮ್‌ನ ಡಿಆರ್-05 ಇದೇ ಜಾತಿಯದ್ದು. ನನ್ನ ಮಟ್ಟಿಗೆ, ಕೊಟ್ಟ ಹಣಕ್ಕೆ ಅತಿ ಹೆಚ್ಚು ಹಿಂತಿರುಗಿಸಿದ ಸಲಕರಣೆಯ ವರ್ಗ ಇದೇ. ಇವುಗಳ ದೊಡ್ಡ ಅನುಕೂಲ 24 ಬಿಟ್ ದಾಖಲೆ. ಒಂದೊಂದು ಬಿಟ್‌ಗೆ ಸುಮಾರು 6 ಡೆಸಿಬೆಲ್ ವ್ಯಾಪ್ತಿ ಸಿಗುತ್ತದೆ, ಸಿ.ಡಿ.ಯ 16 ಬಿಟ್ಟಿಗೆ 96 ಡೆಸಿಬೆಲ್, 24 ಬಿಟ್ಟಿಗೆ ಲೆಕ್ಕದಲ್ಲಿ 144. ಇಷ್ಟು ಅಗ್ಗದ ಯಂತ್ರದ ಪ್ರೀಆಂಪ್ ಆ ವ್ಯಾಪ್ತಿಯನ್ನು ಪೂರ್ತಿ ಬಳಸಲಾರದು, ಆದರೂ ಮಟ್ಟವನ್ನು ಧೈರ್ಯವಾಗಿ ತಗ್ಗಿಸಿಡಲು ಅವಕಾಶ ದೊರೆಯುತ್ತದೆ. ಚೆಂಡೆಯ ಅತಿ ಜೋರಿನ ಪೆಟ್ಟು ಮೈನಸ್ 12ರ ಹತ್ತಿರ, ಎಂದರೆ ಯಂತ್ರದ ಗರಿಷ್ಠ ಮಟ್ಟಕ್ಕಿಂತ 12 ಡೆಸಿಬೆಲ್ ಕೆಳಗೆ, ಬರುವಂತೆ ಇಟ್ಟು, ಬೆಳಗ್ಗಿನ ತನಕ ಅದನ್ನು ಮುಟ್ಟದೆ ಕುಳಿತರೆ, ಪೀಠಿಕೆಯ ಮೆದು ಮಾತನ್ನು ಆಮೇಲೆ ಕಂಪ್ಯೂಟರಿನಲ್ಲಿ ಹಿಗ್ಗಿಸಿಕೊಳ್ಳಬಹುದು. ಈಚೆಗೆ 32 ಬಿಟ್ ಫ್ಲೋಟ್ ಎಂಬ ವಿಧಾನವು 2024ರ ಎಚ್1 ಎಸೆನ್ಷಿಯಲ್‌ನಂಥ ಅಗ್ಗದ ಯಂತ್ರಕ್ಕೂ ಇಳಿದಿದೆ. ಅದರಲ್ಲಿ ಮಟ್ಟವನ್ನು ಕಟ್ಟುವ ಕೆಲಸವೇ ಇಲ್ಲ. ಆದರೆ ಅದರ ಮೈಕಿನ ಮಿತಿ 120 ಡೆಸಿಬೆಲ್. ಚೆಂಡೆಯ ಬಾಯಿಗೆ ಒಯ್ದಿಟ್ಟರೆ ಮೈಕಿನಲ್ಲೇ ಧ್ವನಿ ಬಿರಿಯುತ್ತದೆ, ಬಿಟ್ಟುಗಳು ಎಷ್ಟಿದ್ದರೂ ಅದನ್ನು ಉಳಿಸಲಾರವು.

ಸೌಂಡಿನವರ ಮಿಕ್ಸರಿನಿಂದಲೇ ಒಂದು ತಂತಿ ಎಳೆದುಕೊಂಡರೆ ಎಲ್ಲ ಮುಗಿಯಿತೆಂದು ಕೆಲವರು ತಿಳಿಯುತ್ತಾರೆ. ಮಿಕ್ಸರಿನಲ್ಲಿ ಇರುವುದು ಮೈಕು ಇಟ್ಟ ಧ್ವನಿಗಳು ಮಾತ್ರ. ಚೆಂಡೆಗೂ ಒಂದು ಮೈಕು ಇಡಬಹುದೇ ಎಂದು ಕೇಳಿದಾಗ ನಮ್ಮ ಕಡೆಯ ಸೌಂಡಿನವರೊಬ್ಬರು, “ಮಾಷ್ಟ್ರೇ, ಅದಕ್ಕೆ ಮೈಕ್ ಯಾಕೆ? ಅದು ಹಾಗೆಯೇ ಕುಂಬಳೆಗೆ ಕೇಳ್ತದೆ” ಎಂದಿದ್ದರು. ಅವರ ದೃಷ್ಟಿಯಲ್ಲಿ ಅದು ಸರಿ. ಸಭೆಗೆ ಕೇಳಿದರೆ ಅವರ ಕೆಲಸವಾಯಿತು. ಆದ್ದರಿಂದ ಮಿಕ್ಸರಿನ ತಂತಿಯಿಂದ ಅರ್ಥ ಮತ್ತು ಪದ್ಯವನ್ನೂ, ವೇದಿಕೆಯಿಂದ ನಾಲ್ಕು ಮಾರು ದೂರದಲ್ಲಿಟ್ಟ ಸಣ್ಣ ರೆಕಾರ್ಡರಿನಿಂದ ಹಿಮ್ಮೇಳದ ಒಟ್ಟು ಗುಂಗನ್ನೂ ಬೇರೆಬೇರೆಯಾಗಿ ಹಿಡಿದು ಆಮೇಲೆ ಸೇರಿಸುವುದು ನನ್ನ ಕ್ರಮ. ಎರಡು ಯಂತ್ರಗಳ ಗಡಿಯಾರಗಳು ಮಾತ್ರ ಒಂದೇ ಹೆಜ್ಜೆಯಲ್ಲಿ ನಡೆಯುವುದಿಲ್ಲ. ಅಗ್ಗದ ಸ್ಫಟಿಕದಲ್ಲಿ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 0.18 ಸೆಕೆಂಡು ಆಚೀಚೆಯಾಗುತ್ತದೆ. ಎರಡು ಗಂಟೆ ಕಳೆಯುವಷ್ಟರಲ್ಲಿ ಮದ್ದಳೆಯ ಪೆಟ್ಟು ಜೋಡಿಯಾಗಿ ಕೇಳಿಸತೊಡಗುತ್ತದೆ. ಪ್ರತಿಯೊಂದು ಪದ್ಯದ ಆರಂಭದಲ್ಲಿ ಕತ್ತರಿಸಿ ಹೊಂದಿಸಿಕೊಂಡರೆ ಇದು ತೊಂದರೆಯಲ್ಲ. ಇಂಥ ಕೆಲಸಕ್ಕೆ ರೀಪರ್ ಎಂಬ ಸಾಫ್ಟ್‌ವೇರಿನ 60 ಡಾಲರಿನ ಪರವಾನಗಿ ಧಾರಾಳವಾಯಿತು. ಅದೂ ಬೇಡವೆಂದರೆ 2000ದಲ್ಲಿ ಬಿಡುಗಡೆಯಾದ ಅಡಾಸಿಟಿ ಇಂದಿಗೂ ಉಚಿತವಾಗಿದೆ.

ಹಾಡು ಹೇಳುವ ಅಜ್ಜಿಯಂದಿರ ವಿಷಯ ಬೇರೆ. ಎದುರಿಗೆ ಸ್ಟ್ಯಾಂಡಿನ ಮೇಲೆ ಮೈಕು ನಿಂತಿತೆಂದರೆ ಅವರ ಧ್ವನಿ ಅರ್ಧಕ್ಕೆ ಇಳಿಯುತ್ತದೆ, “ನನ್ನ ಸ್ವರ ಹೋಗಿದೆ ಮಗಾ” ಎಂಬ ಮಾತು ಮೊದಲಾಗುತ್ತದೆ. ಅಂಥಲ್ಲಿ ಸೆರಗಿಗೆ ಸಿಕ್ಕಿಸುವ ಬೋಯಾ ಬಿವೈ-ಎಂ1ನಂಥ ಪುಟ್ಟ ಮೈಕಿಗೆ ಸಮನಾದದ್ದು ಇನ್ನೊಂದಿಲ್ಲ. ಯೂಟ್ಯೂಬಿನವರಿಂದ ಪ್ರಸಿದ್ಧವಾದ ಈ ಮೈಕಿನ ತಂತಿಯ ಉದ್ದ 6 ಮೀಟರ್. ದಾಖಲಿಸುವವನು ಜಗಲಿಯಲ್ಲಿ ಕುಳಿತುಕೊಂಡು ಅವರ ಪಾಡಿಗೆ ಅವರನ್ನು ಬಿಡಬಹುದು. ಅದರೊಳಗಿರುವುದು ಬೆಲ್ ಲ್ಯಾಬ್ಸಿನಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ 1962ರಲ್ಲಿ ಕಂಡುಹಿಡಿದ ಬಗೆಯ, ವಿದ್ಯುದಾವೇಶವನ್ನು ತನ್ನಲ್ಲೇ ಉಳಿಸಿಕೊಂಡಿರುವ ಎಲೆಕ್ಟ್ರೆಟ್ ಕ್ಯಾಪ್ಸೂಲು. ಅವರ ಆ ಕೆಲಸದಿಂದಲೇ ಮೈಕು ಎಂಬುದು ರೂಪಾಯಿಗಳ ಲೆಕ್ಕದಲ್ಲಿ ತಯಾರಾಗುವ ವಸ್ತುವಾಯಿತು. ಸ್ವಂತ ಸದ್ದು ಹೆಚ್ಚಿರುವ ಈ ಪುಟ್ಟ ಮೈಕು ಇಷ್ಟು ಚೆನ್ನಾಗಿ ಹಿಡಿಯುವುದು ದೂರದ ಕಾರಣದಿಂದ. ದೂರ ಇಮ್ಮಡಿಯಾದಾಗಲೆಲ್ಲ ನೇರ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಬಾಯಿಯಿಂದ ಒಂದು ಗೇಣಿನಲ್ಲಿರುವ ಅಗ್ಗದ ಮೈಕು, ನಾಲ್ಕು ಗೇಣು ಆಚೆಗಿರುವ ದುಬಾರಿ ಮೈಕಿಗಿಂತ 12 ಡೆಸಿಬೆಲ್ ಮುಂದೆ ಇದ್ದುಕೊಂಡೇ ಆಟ ಆರಂಭಿಸುತ್ತದೆ. ಸೀರೆಯ ಸರಭರ ಮಾತ್ರ ಅದರ ಶತ್ರು. ಗಂಜಿ ಹಾಕಿದ ಹೊಸ ಸೀರೆ ಬೇಡವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು, ಹೇಳಿದರೂ ಉಟ್ಟುಕೊಂಡೇ ಬರುತ್ತಾರೆ.

ಕೋಣೆಯ ಮಟ್ಟಿಗೆ ನಾವು ಕಾಸರಗೋಡಿನವರು ಭಾಗ್ಯವಂತರು. ಹೊಸ ಟೆರೇಸು ಮನೆಯ ಟೈಲ್ಸ್ ಹಾಸಿದ ಹಾಲಿನಲ್ಲಿ ಮಾತು ಗೋಡೆಯಿಂದ ಗೋಡೆಗೆ ಹಾರುತ್ತದೆ. ಹಳೆಯ ಮನೆಗಳ ಅಟ್ಟದ ಕೆಳಗೆ, ಭತ್ತ ತುಂಬಿಡುವ ಮರದ ಪತ್ತಾಯದ ಪಕ್ಕದಲ್ಲಿ, ಅಡಿಕೆ ಗೋಣಿಗಳನ್ನು ಪೇರಿಸಿಟ್ಟ ಕೋಣೆಯಲ್ಲಿ ಹಣ ಕೊಟ್ಟು ಮಾಡಿಸಿದಂಥ ಶಾಂತ ಧ್ವನಿಯಿರುತ್ತದೆ. ಗೋಣಿಯ ದಪ್ಪ, ಅದರೊಳಗಿನ ಅಡಿಕೆಗಳ ನಡುವಿನ ಗಾಳಿಯ ಸಂದುಗಳು ಧ್ವನಿಯನ್ನು ನುಂಗುತ್ತವೆ, ಉಬ್ಬುತಗ್ಗಾದ ಮೇಲ್ಮೈ ಉಳಿದದ್ದನ್ನು ಚದುರಿಸುತ್ತದೆ. ಸ್ಟುಡಿಯೊ ಗೋಡೆಗೆ ಅಂಟಿಸುವ ಒಂದಂಗುಲದ ಸ್ಪಂಜು ಹಾಳೆಗಳು ಅಗ್ಗವಾದರೂ ಏರುಸ್ವರವನ್ನಷ್ಟೇ ಹೀರುತ್ತವೆ, ಕೆಳಸ್ವರದ ಗುಂಯ್‌ಗುಡುವಿಕೆಯನ್ನು ಹಾಗೆಯೇ ಬಿಡುತ್ತವೆ; ನನ್ನ ದೃಷ್ಟಿಯಲ್ಲಿ ಅವು ಹಣ ದಂಡ. ಹಂಚಿನ ಮೇಲೆ ಮಳೆ ಬೀಳುವಾಗ ಯಾವ ಉಪಾಯವೂ ಇಲ್ಲ, ನಿಲ್ಲುವವರೆಗೆ ಚಹಾ ಕುಡಿಯಬೇಕು.

ಈಗ ಲೋಹದ ಪಾಲು. ಧ್ವನಿಯಲ್ಲಿ ಆಶ್ಚರ್ಯಪಡಿಸುವ ಅಗ್ಗದ ಸಲಕರಣೆ ಕೈಕೊಡುವುದು ತಿರುಗಣೆಯಲ್ಲಿ, ಕೊಂಡಿಯಲ್ಲಿ, ತಂತಿಯ ಬುಡದಲ್ಲಿ. ಚಿಪ್ಪನ್ನು ಕೋಟಿಗಟ್ಟಲೆ ಅಚ್ಚೊತ್ತಿದಷ್ಟೂ ಅದರ ಬೆಲೆ ಇಳಿಯುತ್ತದೆ. ಹಿತ್ತಾಳೆ ಮತ್ತು ತಾಮ್ರ ಕಿಲೋ ಲೆಕ್ಕದಲ್ಲೇ ಬರುತ್ತವೆ, ಬೆಸುಗೆ ಹಾಕುವವನ ಕೂಲಿಯೂ ದಿನದ ಲೆಕ್ಕದಲ್ಲೇ. ಹಾಗಾಗಿ ಬೆಲೆ ಇಳಿಸಬೇಕಾದ ಕಂಪೆನಿ ಉಳಿತಾಯ ಮಾಡುವುದು ಅಲ್ಲಿಯೇ. ಅಗ್ಗದ ಸ್ಟ್ಯಾಂಡನ್ನು ಬಿಗಿಗೊಳಿಸುವ ಪ್ಲಾಸ್ಟಿಕ್ ತಿರುಪು ಒಂದು ಆಟದ ಸೀಸನ್ ಮುಗಿಯುವಷ್ಟರಲ್ಲಿ ಸವೆದು, ಪದ್ಯದ ನಡುವೆ ಮೈಕು ಮೆಲ್ಲಗೆ ಭಾಗವತರ ಮಡಿಲಿಗೆ ಬಾಗುತ್ತದೆ. ಮೈಕಿಗೆ ಸಿಕ್ಕಿಸುವ ಅಗ್ಗದ ಎಕ್ಸ್‌ಎಲ್‌ಆರ್ ತಂತಿಯ ಹೊರಕವಚದ ಜಾಳಿಗೆ ವಿರಳವಾಗಿದ್ದು, ಟ್ಯೂಬ್‌ಲೈಟಿನ ಗುಂಯ್ ಸದ್ದು ಒಳಗೆ ನುಸುಳುತ್ತದೆ. ನನ್ನ ಸಲಹೆ ಇಷ್ಟೇ: ಮೈಕು ಮತ್ತು ಇಂಟರ್‌ಫೇಸಿನಲ್ಲಿ ಉಳಿಸಿದ ಹಣದಿಂದ ಕಬ್ಬಿಣದ ಬುಡವುಳ್ಳ ಸ್ಟ್ಯಾಂಡನ್ನೂ ನ್ಯೂಟ್ರಿಕ್ ಕೊಂಡಿ ಹಾಕಿದ ತಂತಿಯನ್ನೂ ಕೊಳ್ಳಬೇಕು. ತಂತಿಯನ್ನು ಬೇಕಾದಷ್ಟು ಉದ್ದಕ್ಕೆ ಕೊಂಡು ಮನೆಯಲ್ಲೇ ಬೆಸೆದುಕೊಂಡರೆ ಇನ್ನೂ ಅಗ್ಗ. ಮೆಮೊರಿ ಕಾರ್ಡ್ ಚಿಪ್ಪಿನದ್ದೇ ಆದರೂ ಅದರಲ್ಲಿ ಜಿಪುಣತನ ಸಲ್ಲದು, ಏಕೆಂದರೆ ನಕಲಿ ಕಾರ್ಡುಗಳ ಹಾವಳಿ ಮೈಕಿನದ್ದಕ್ಕಿಂತ ಹೆಚ್ಚು. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಸ್ಟೀರಿಯೊ ದಾಖಲೆ ಗಂಟೆಗೆ ಸುಮಾರು 1 ಜಿಬಿ ಹಿಡಿಯುತ್ತದೆ, ಇಡೀ ರಾತ್ರಿಗೆ 16 ಜಿಬಿಯ ಒಂದು ನಿಜವಾದ ಕಾರ್ಡು ಸಾಕು. ಪವರ್‌ಬ್ಯಾಂಕಿನಲ್ಲಿ ರೆಕಾರ್ಡರ್ ಓಡಿಸುವವರು ಒಂದು ವಿಷಯ ಗಮನಿಸಬೇಕು: ಇವು ಎಳೆಯುವ ವಿದ್ಯುತ್ತು ಎಷ್ಟು ಕಡಿಮೆಯೆಂದರೆ, ಕೆಲವು ಪವರ್‌ಬ್ಯಾಂಕುಗಳು ಏನೂ ಜೋಡಣೆಯಾಗಿಲ್ಲವೆಂದು ತಿಳಿದು ತಾವೇ ಆರಿಹೋಗುತ್ತವೆ.

ಲೋಹದ ಮಾತು ಅತ್ಯಂತ ಸ್ಪಷ್ಟವಾಗಿ ಕಾಣುವುದು ಹಳೆಯ ಕ್ಯಾಸೆಟ್ಟುಗಳ ವಿಷಯದಲ್ಲಿ. ಈ ಭಾಗದ ಅನೇಕ ಮನೆಗಳಲ್ಲಿ ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥವನ್ನು ಯಾರೋ ಮಾವ, ಯಾರೋ ಭಾವ ಟೇಪ್‌ರೆಕಾರ್ಡರ್ ಇಟ್ಟು ಹಿಡಿದ ಕ್ಯಾಸೆಟ್ಟುಗಳು ಬೀರುವಿನಲ್ಲಿ ಇವೆ. ಇವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಯುಎಸ್‌ಬಿ ಇರುವ ಹೊಸ ಪುಟ್ಟ ಕ್ಯಾಸೆಟ್ ಪ್ಲೇಯರುಗಳು ಆನ್‌ಲೈನಿನಲ್ಲಿ ಅಗ್ಗವಾಗಿ ಸಿಗುತ್ತವೆ. ಅವನ್ನು ಕೊಳ್ಳಬೇಡಿ. ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಟೇಪನ್ನು ಅಲುಗಾಡದೆ ಎಳೆಯುವುದು ಮೋಟಾರು, ತೂಕದ ಚಕ್ರ, ರಬ್ಬರಿನ ಉರುಳೆಗಳ ಕೆಲಸ. ಯಾವ ಚಿಪ್ಪೂ ಅದನ್ನು ಅಗ್ಗ ಮಾಡಲಾರದು. ಹೊಸ ಪ್ಲೇಯರಿನಲ್ಲಿ ಶ್ರುತಿಯೇ ನಡುಗುತ್ತದೆ. 1980–90ರ ದಶಕದ ಒಂದು ಹಳೆಯ ಕ್ಯಾಸೆಟ್ ಡೆಕ್ಕನ್ನು ಹುಡುಕಿ, ಹಿಗ್ಗಿದ ಬೆಲ್ಟ್ ಬದಲಿಸಿ, ಟೇಪನ್ನು ಓದುವ ಹೆಡ್ಡನ್ನೂ ಉರುಳೆಯನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಬಳಸುವುದೇ ದಾರಿ. ಅದರ ಮುಂದೆ ಇಂಟರ್‌ಫೇಸ್ ಯಾವುದಾದರೂ ನಡೆಯುತ್ತದೆ, ಏಕೆಂದರೆ ಸಾಮಾನ್ಯ ಕ್ಯಾಸೆಟ್ಟಿನ ವ್ಯಾಪ್ತಿ 50 ಡೆಸಿಬೆಲ್ಲಿಗಿಂತ ಬಹಳ ಮೇಲೇನೂ ಹೋಗುವುದಿಲ್ಲ, ಅತಿ ಅಗ್ಗದ ಪೆಟ್ಟಿಗೆಗೂ ಅದು ಸಲೀಸು.

ಡೆಕ್ಕಿನ ಹೆಡ್ ಟೇಪಿಗೆ ನೆಟ್ಟಗೆ ಲಂಬವಾಗಿ ನಿಂತಿರಬೇಕು. ಆ ಕೋನಕ್ಕೆ ಅಜಿಮತ್ ಎನ್ನುತ್ತಾರೆ. ದಾಖಲಿಸಿದ ಯಂತ್ರದ ಹೆಡ್ ಕೊಂಚ ಓರೆಯಾಗಿದ್ದರೆ, ಅದೇ ಓರೆಗೆ ನಮ್ಮ ಹೆಡ್ಡನ್ನೂ ತಿರುಗಿಸಿಕೊಳ್ಳಬೇಕು. ಎರಡು ಚಾನೆಲ್ಲುಗಳನ್ನು ಕೂಡಿಸಿ ಮೋನೊ ಮಾಡಿ ಹೆಡ್‌ಫೋನಿನಲ್ಲಿ ಕೇಳುತ್ತ, ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸುತ್ತ ಹೋದರೆ, ಒಂದು ಕಡೆಯಲ್ಲಿ ಮುಸುಕು ಸರಿದು ಜಾಗಟೆಯ ಅಂಚು ಸ್ಪಷ್ಟವಾಗುತ್ತದೆ. ಅಲ್ಲಿ ನಿಲ್ಲಿಸಬೇಕು. ಇದನ್ನು ಪ್ರತಿ ಕ್ಯಾಸೆಟ್ಟಿಗೂ, ಕೆಲವೊಮ್ಮೆ ಎರಡು ಮಗ್ಗುಲಿಗೂ ಬೇರೆಬೇರೆಯಾಗಿ ಮಾಡಬೇಕಾಗುತ್ತದೆ. ಟೇಪಿನ ಅಂಚಿನಲ್ಲಿ ಬಿಳಿಯ ಬೂಸಲು ಕಂಡರೆ ಆ ಕ್ಯಾಸೆಟ್ಟನ್ನು ಡೆಕ್ಕಿಗೆ ಹಾಕುವ ಮುನ್ನ ಐದು ಸ್ಕ್ರೂ ಬಿಚ್ಚಿ, ಬೂಸಲನ್ನು ಮನೆಯ ಹೊರಗೆ ಕುಳಿತು ಒರೆಸಿ, ಟೇಪನ್ನು ಶುದ್ಧವಾದ ಬೇರೆ ಕವಚಕ್ಕೆ ವರ್ಗಾಯಿಸುವುದು ಉತ್ತಮ. ಸ್ಕ್ರೂ ಇಲ್ಲದೆ ಅಂಟಿಸಿದ ಕವಚವಾದರೆ ಕೂಡುಗೆರೆಯಲ್ಲಿ ಚೂರಿಯಿಂದ ಬಿಡಿಸಬೇಕು. ಹೀಗೆ ಇಳಿಸಿದ ಫೈಲನ್ನು ಸದ್ದು ತೆಗೆಯದೆ, ಏನೂ ತಿದ್ದದೆ ಒಂದು ಪ್ರತಿ ಹಾಗೆಯೇ ಇಟ್ಟುಕೊಂಡು, ತಿದ್ದುವ ಕೆಲಸವನ್ನು ಇನ್ನೊಂದು ಪ್ರತಿಯಲ್ಲಿ ಮಾಡುತ್ತೇನೆ. ಬೆಲ್ಟುಗಳು ಮಂಗಳೂರಿನ ಹಳೆಯ ರೇಡಿಯೊ ರಿಪೇರಿ ಅಂಗಡಿಗಳಲ್ಲಿ ಇನ್ನೂ ಸಿಗುತ್ತವೆ; ಕೊಳ್ಳಲು ಹೋಗುವಾಗ ಹಳೆಯ ಬೆಲ್ಟನ್ನು ಜೊತೆಗೆ ಒಯ್ದು, ಅದು ಹಿಗ್ಗಿರುತ್ತದೆಯಾದ್ದರಿಂದ ಅದಕ್ಕಿಂತ ತುಸು ಚಿಕ್ಕದನ್ನು ಕೇಳಿ ತರಬೇಕು.